ನದಿ ತಿರುಗಿಸಿದ ಮೊರೆನೊ

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಜಲವಿಭಾಜಕದ ಪಾಠ ಮಾಡುತ್ತಿದ್ದೆ. ಟ್ರೇಯಲ್ಲಿ ಮರಳಿನ ಬೆಟ್ಟಸಾಲು ಕಟ್ಟಿ ನೀರು ಬಿಟ್ಟಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಬಂದು ಬೆರಳಿನಿಂದ ಸಣ್ಣ ಕಾಲುವೆ ಕೊರೆದ. ಆ ಕಡೆಗೆ ಹೋಗಬೇಕಾದ ನೀರು ಈ ಕಡೆಗೆ ಬಂತು. ಮಾದರಿ ಕೆಡಿಸಿದೆ ಎಂದು ಗದರಿಸಿ ಕೂರಿಸಿದೆ. ಮುಂದಿನ ಪಾಠಕ್ಕೆ ಓದುತ್ತಿದ್ದಾಗ ಫ್ರಾನ್ಸಿಸ್ಕೊ ಮೊರೆನೊ ಅವರ ಜೀವನ ಸಿಕ್ಕಿತು. ಆ ಹುಡುಗ ಮಾಡಿದ್ದನ್ನೇ ಅವರು ನಿಜವಾದ ನದಿಯಲ್ಲಿ ಮಾಡಿದ್ದರು!

ಮೊರೆನೊ ಹುಟ್ಟಿದ್ದು 1852ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಚಿಕ್ಕಂದಿನಿಂದಲೂ ಪಳೆಯುಳಿಕೆ ಕೂಡಿಹಾಕುವ ಹುಚ್ಚು. ಇಪ್ಪತ್ತು ದಾಟುತ್ತಲೇ ದಕ್ಷಿಣದ ಪ್ಯಾಟಗೋನಿಯಾ ಸುತ್ತತೊಡಗಿದರು. ಅವರ ಸಂಗ್ರಹವೇ ಲಾ ಪ್ಲಾಟಾ ವಸ್ತುಸಂಗ್ರಹಾಲಯಕ್ಕೆ ಬುನಾದಿಯಾಯಿತು.

ಅರ್ಜೆಂಟೀನ ಮತ್ತು ಚಿಲಿ 1881ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಆಂಡೀಸ್‌ನಲ್ಲಿ ನೀರನ್ನು ಎರಡು ಕಡೆಗೆ ಹಂಚುವ ಅತಿ ಎತ್ತರದ ಶಿಖರಗಳೇ ಗಡಿ ಎಂದು ಬರೆದರು. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಪ್ಯಾಟಗೋನಿಯಾದಲ್ಲಿ ಎತ್ತರದ ಶಿಖರಗಳು ಒಂದು ಕಡೆ, ನೀರು ಹಂಚಿಹೋಗುವ ಜಾಗ ಅದಕ್ಕಿಂತ ಪೂರ್ವಕ್ಕೆ. ಶಿಖರವೇ ಗಡಿ ಎಂದಿತು ಅರ್ಜೆಂಟೀನ, ಜಲವಿಭಾಜಕವೇ ಗಡಿ ಎಂದಿತು ಚಿಲಿ. ನಡುವೆ ಇದ್ದದ್ದು ಒಳ್ಳೆಯ ಕಣಿವೆಗಳು, ಸರೋವರಗಳು. ಎರಡೂ ದೇಶಗಳು ಪೈಪೋಟಿಯ ಮೇಲೆ ಯುದ್ಧನೌಕೆ ಕೊಂಡವು.

1896ರಲ್ಲಿ ಮೊರೆನೊ ಅರ್ಜೆಂಟೀನಾದ ಗಡಿ ತಜ್ಞರಾದರು. ಫೆನಿಕ್ಸ್ ಎಂಬ ನದಿ ಆಗ ಬ್ಯೂನಸ್ ಐರಿಸ್ ಎಂಬ ಸರೋವರ ಸೇರಿ, ಅಲ್ಲಿಂದ ಪೆಸಿಫಿಕ್‌ಗೆ ಹೋಗುತ್ತಿತ್ತು. ಹಳೆಯ ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ ಅದನ್ನು ತಿರುಗಿಸಿದೆ ಎಂದು ಮೊರೆನೊ ಗುರುತಿಸಿದರು. 1898ರಲ್ಲಿ ಕೆಲವೇ ದಿನ ಆಳುಗಳಿಂದ ಕಾಲುವೆ ತೋಡಿಸಿದಾಗ ನೀರು ದೆಸೆಯಾದೊ ನದಿಯ ಕಡೆಗೆ, ಅಂದರೆ ಅಟ್ಲಾಂಟಿಕ್ ಕಡೆಗೆ ಹರಿಯಿತು. ಗುದ್ದಲಿಯಿಂದ ಬದಲಾಗುವುದು ಗಡಿಯಾಗುವುದು ಹೇಗೆ ಎಂಬುದು ಅವರ ವಾದ. ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ನಾನು ಕಂಡಿಲ್ಲ.

ತೀರ್ಪನ್ನು ಬ್ರಿಟಿಷ್ ದೊರೆಗೆ ಬಿಟ್ಟಿದ್ದರು. 1902ರಲ್ಲಿ ಸ್ಥಳ ನೋಡಲು ಬಂದವರು ಥಾಮಸ್ ಹೋಲ್ಡಿಚ್. ಭಾರತದ ವಾಯವ್ಯ ಗಡಿಯಲ್ಲಿ ವರ್ಷಗಟ್ಟಲೆ ಸರ್ವೆ ಮಾಡಿದವರು. ವಿವಾದದ ಕಣಿವೆಯೊಂದರಲ್ಲಿ ವೇಲ್ಸ್‌ನಿಂದ ಬಂದು ನೆಲೆಸಿದ ರೈತರಿದ್ದರು. ಏಪ್ರಿಲ್ 30ರಂದು ಅಲ್ಲಿನ ಶಾಲೆಯಲ್ಲೇ ಸೇರಿ ಅವರು ಅರ್ಜೆಂಟೀನ ಬೇಕೆಂದರು. ಮೇ ತಿಂಗಳಲ್ಲಿ ಎರಡೂ ದೇಶಗಳು ನೌಕಾಬಲ ಮಿತಿಗೊಳಿಸಲು ಒಪ್ಪಿದವು. ನವೆಂಬರಿನ ತೀರ್ಪು ಯಾರ ವಾದವನ್ನೂ ಪೂರ್ತಿ ಒಪ್ಪದೆ ನಡುವೆ ಗೆರೆ ಎಳೆಯಿತು. ಆ ಕಣಿವೆ ಅರ್ಜೆಂಟೀನಾಕ್ಕೆ ಹೋಯಿತು, ಬ್ಯೂನಸ್ ಐರಿಸ್ ಸರೋವರ ಎರಡು ಪಾಲಾಯಿತು. ಯುದ್ಧ ಆಗಲಿಲ್ಲ.

ಸರ್ಕಾರ ಕೊಟ್ಟ ಭೂಮಿಯಲ್ಲಿ ಒಂದು ಭಾಗವನ್ನು 1903ರಲ್ಲಿ ಮೊರೆನೊ ಉದ್ಯಾನಕ್ಕೆಂದು ದೇಶಕ್ಕೆ ಹಿಂತಿರುಗಿಸಿದರು. 1919ರಲ್ಲಿ ಬಡತನದಲ್ಲೇ ತೀರಿಕೊಂಡರು.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತಿದೆ. ಪ್ಯಾಟಗೋನಿಯಾದ ಮೂಲನಿವಾಸಿ ನಾಯಕ ಇನಕಾಯಲ್ ಒಮ್ಮೆ ಮೊರೆನೊಗೆ ಆತಿಥ್ಯ ಕೊಟ್ಟಿದ್ದರು. ಮುಂದೆ ಸೈನ್ಯದ ಸೆರೆಯಿಂದ ಅವರನ್ನು ಮೊರೆನೊ ತಮ್ಮ ವಸ್ತುಸಂಗ್ರಹಾಲಯಕ್ಕೆ ಕರೆತಂದರು. 1888ರಲ್ಲಿ ಇನಕಾಯಲ್ ಅಲ್ಲೇ ಸತ್ತರು. ಅವರ ಮೂಳೆಗಳನ್ನು ಪ್ರದರ್ಶನಕ್ಕೆ ಇಟ್ಟರು. ಗಡಿ ಎಳೆದ ನೆಲ ಅವರ ಜನರದ್ದೂ ಆಗಿತ್ತು.

ಮುಂದಿನ ತರಗತಿಯಲ್ಲಿ ಆ ಹುಡುಗನನ್ನೇ ಕರೆದು ಎಲ್ಲರೆದುರು ಕಾಲುವೆ ಕೊರೆಸಿ, ಫೆನಿಕ್ಸ್ ನದಿಯ ಕತೆ ಹೇಳಿದೆ. ಇನಕಾಯಲ್ ವಿಷಯ ಹೇಳುವ ಧೈರ್ಯ ಬರಲಿಲ್ಲ. ಆ ತರಗತಿಗೆ ನನ್ನದು ಇನ್ನೂ ಮೂರು ಪಾಠ ಬಾಕಿ ಇದೆ.