ಆದಿದೇವನ ಮನೆಪಾಠ

ಶಾಲೆಗಳು ಆರಂಭವಾಗುವ ಜೂನ್ ತಿಂಗಳು ಬಂತೆಂದರೆ ಸವದತ್ತಿ ಸೀಮೆಯ ಚಚಡಿಯಲ್ಲಾಗಲಿ, ದೂರದ ನಗರದಲ್ಲಾಗಲಿ ತಂದೆತಾಯಿಗಳನ್ನು ಕಾಡುವ ಚಿಂತೆ ಒಂದೇ. ಮಗುವಿಗೆ ಏನನ್ನು ಕಲಿಸಬೇಕು, ಯಾವುದನ್ನು ಮೊದಲು ಕಲಿಸಬೇಕು? ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಕುಟುಂಬಗಳಿಗಂತೂ ಈ ಭಾರ ಇನ್ನೂ ಹೆಚ್ಚು. ಪಠ್ಯವನ್ನು ಆರಿಸುವವರೂ ಅವರೇ, ಪಾಠ ಹೇಳುವವರೂ ಅವರೇ. ಈ ಸೀಮೆಗೆ ಇದು ಹೊಸ ಮಾತಲ್ಲ. ಸವದತ್ತಿಯನ್ನು ನೆಲೆಯಾಗಿಸಿಕೊಂಡು ಬೆಳೆದ ರಟ್ಟರ ಮನೆತನದಲ್ಲಿ ಕಾರ್ತವೀರ್ಯನಿಗೂ ಅವನ ಮಗ ಲಕ್ಷ್ಮೀದೇವನಿಗೂ ಮುನಿಚಂದ್ರರು ರಾಜಗುರುಗಳಾಗಿದ್ದರೆಂಬುದನ್ನು 13ನೇ ಶತಮಾನದ ಸವದತ್ತಿಯ ಶಾಸನ ಸಾರುತ್ತದೆ. ಆದರೆ ಮನೆಪಾಠದ ಮೊದಲ ಗುರುವನ್ನು ಕಾಣಬೇಕಾದರೆ ನಾವು ಆದಿಪುರಾಣಕ್ಕೇ ಹೋಗಬೇಕು.

ನಾಭಿರಾಜ ಮರುದೇವಿಯರ ಮಗನಾಗಿ ಅಯೋಧ್ಯೆಯಲ್ಲಿ ಜನಿಸಿದ ವೃಷಭದೇವನು ಹುಟ್ಟುವಾಗಲೇ ಮತಿ, ಶ್ರುತ, ಅವಧಿ ಎಂಬ ಮೂರು ಜ್ಞಾನಗಳಿಂದ ಕೂಡಿದ್ದನು. ಅವನಿಗೆ ಯಾರೂ ಪಾಠ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೀಗೆ ಕಲಿಯುವ ಕಷ್ಟವನ್ನೇ ಅರಿಯದವನು ಕಲಿಸುವುದರಲ್ಲಿ ತೋರಿದ ತಾಳ್ಮೆಯನ್ನು ಜಿನಸೇನಾಚಾರ್ಯರು ಬಹು ಪ್ರೀತಿಯಿಂದ ವರ್ಣಿಸಿದ್ದಾರೆ.

ಒಂದು ದಿನ ಯಶಸ್ವತಿಯ ಮಗಳು ಬ್ರಾಹ್ಮಿ, ಸುನಂದೆಯ ಮಗಳು ಸುಂದರಿ ಇಬ್ಬರೂ ತಂದೆಯ ಬಳಿಗೆ ಬಂದು ವಿನಯದಿಂದ ನಮಸ್ಕರಿಸಿದರು. ಅವನು ಅವರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ತಲೆಯನ್ನು ಮೂಸಿ, ಸ್ವಲ್ಪ ಹೊತ್ತು ವಿನೋದದಿಂದ ನಗಿಸಿದನು. ಪಾಠ ಆರಂಭವಾದದ್ದು ಆಮೇಲೆ. ವಿಶಾಲವಾದ ಸುವರ್ಣಫಲಕದ ಮೇಲೆ ಶ್ರುತದೇವತೆಯನ್ನು ನೆಲೆಗೊಳಿಸಿ, ಸಿದ್ಧರಿಗೆ ನಮಸ್ಕರಿಸಿ, ಎರಡೂ ಕೈಗಳಿಂದ ಬರೆದು ತೋರಿಸಿದನು. ಒಂದು ಕೈಯಿಂದ ಮೂಡಿದ ಅಕ್ಷರಮಾಲೆಯನ್ನು ಬ್ರಾಹ್ಮಿಯು, ಇನ್ನೊಂದರಿಂದ ಮೂಡಿದ ಅಂಕಗಳನ್ನು ಸುಂದರಿಯು ಗ್ರಹಿಸಿದರು. ಬಳಿಕ ವ್ಯಾಕರಣ, ಛಂದಸ್ಸು, ಅಲಂಕಾರಗಳು ಬಂದವು. ಮಕ್ಕಳಿಗೆ ಯೋಗ್ಯವಾದ ವ್ಯಾಕರಣ ಸಿದ್ಧವಿರಲಿಲ್ಲವಾಗಿ ಅದನ್ನೂ ತಾನೇ ರಚಿಸಿದನು. ನೂರೊಂದು ಗಂಡುಮಕ್ಕಳಿದ್ದ ಮನೆಯಲ್ಲಿ ಮೊದಲ ಪಾಠ ಹೆಣ್ಣುಮಕ್ಕಳಿಗೆ ದೊರೆಯಿತೆಂಬುದನ್ನು ಪುರಾಣ ಓದುವವರು ಅವಸರದಲ್ಲಿ ದಾಟಿಬಿಡಬಾರದು.

ಗಂಡುಮಕ್ಕಳಿಗೂ ಅವನು ವಿದ್ಯೆಗಳನ್ನು ಬೇರೆಬೇರೆಯಾಗಿಯೇ ಹಂಚಿದನು. ರಾಜ್ಯವಾಳಬೇಕಾದ ಭರತನಿಗೆ ಅರ್ಥಶಾಸ್ತ್ರವನ್ನೂ ಜೊತೆಗೆ ನೃತ್ಯಶಾಸ್ತ್ರವನ್ನೂ ಕಲಿಸಿದನು. ವೃಷಭಸೇನನಿಗೆ ಸಂಗೀತವನ್ನು, ಅನಂತವಿಜಯನಿಗೆ ಚಿತ್ರಕಲೆ ಮತ್ತು ವಾಸ್ತುವಿದ್ಯೆಯನ್ನು ಉಪದೇಶಿಸಿದನು. ಬಾಹುಬಲಿಯ ಪಾಲಿಗೆ ಆಯುರ್ವೇದ, ಧನುರ್ವೇದ, ಆನೆಕುದುರೆಗಳ ಲಕ್ಷಣ, ರತ್ನಪರೀಕ್ಷೆ ಮೊದಲಾದವು ಬಂದವು. ಹಾಡು ಕಲಿತ ವೃಷಭಸೇನನೇ ಮುಂದೆ ತಂದೆಯ ಸಮವಸರಣದಲ್ಲಿ ಮೊದಲ ಗಣಧರನಾದನು. ಅಕ್ಷರ ಕಲಿತ ಬ್ರಾಹ್ಮಿಯು ಆರ್ಯಿಕೆಯರಿಗೆ ಮುಖ್ಯಳಾದಳು. ಯಾವ ಪಾಠ ಯಾವ ಬಾಗಿಲನ್ನು ತೆರೆಯುವುದೋ ಮೊದಲೇ ಹೇಳಲಾಗದು. ಅರ್ಥಶಾಸ್ತ್ರ ಕಲಿತವನೂ ಧನುರ್ವೇದ ಕಲಿತವನೂ ಒಂದು ದಿನ ಪರಸ್ಪರ ಎದುರುಬದುರಾಗಿ ನಿಂತದ್ದನ್ನೂ ನಾವು ಬಲ್ಲೆವು.

ಮನೆಯ ಪಾಠ ಮನೆಯಲ್ಲಿಯೇ ಉಳಿಯಲಿಲ್ಲ. ಕಲ್ಪವೃಕ್ಷಗಳು ಬತ್ತಿ ಹಸಿವಿನಿಂದ ಕಂಗೆಟ್ಟ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ತೋರಿಸಿಕೊಟ್ಟನು. ಕಬ್ಬಿನ ರಸವನ್ನು ಸಂಗ್ರಹಿಸುವ ಬಗೆಯನ್ನು ಹೇಳಿಕೊಟ್ಟವನೂ ಅವನೇ. ಆದ್ದರಿಂದಲೇ ಅವನಿಗೆ ಇಕ್ಷ್ವಾಕುವೆಂಬ ಹೆಸರು ಬಂದಿತು.

ಕೊನೆಗೆ ನರ್ತಿಸುತ್ತಿದ್ದ ನೀಲಾಂಜನೆಯ ಆಯುಸ್ಸು ಕಣ್ಣೆದುರೇ ಮುಗಿದಾಗ ವೈರಾಗ್ಯ ತಾಳಿ ಸರ್ವವನ್ನೂ ತೊರೆದನು. ಅವನ ಮೇಲಿನ ಭಕ್ತಿಯಿಂದ ನಾಲ್ಕು ಸಾವಿರ ಅರಸರು ತಾವೂ ದೀಕ್ಷೆಯ ವೇಷ ತೊಟ್ಟರು. ಆದರೆ ಭಗವಂತನು ಮೌನಿಯಾಗಿ ಆರು ತಿಂಗಳ ಉಪವಾಸದಲ್ಲಿ ನಿಂತುಬಿಟ್ಟನು. ಮುನಿಧರ್ಮದ ಪಾಠ ಅವರಿಗೆ ದೊರೆತಿರಲಿಲ್ಲ; ದೊರೆಯುವ ದಾರಿಯೂ ಈಗ ಮುಚ್ಚಿತ್ತು. ಹಸಿವು ತಡೆಯಲಾರದೆ ಒಬ್ಬೊಬ್ಬರಾಗಿ ಗೆಡ್ಡೆಗೆಣಸು ತಿಂದು, ನಾರುಮಡಿ ಉಟ್ಟು ದಾರಿ ತಪ್ಪಿದರು. ಅವರಲ್ಲಿ ಅವನ ಮೊಮ್ಮಗ ಮರೀಚಿಯೂ ಇದ್ದನು. ಎಷ್ಟೋ ಭವಗಳನ್ನು ಅಲೆದ ಮೇಲೆ ಆ ಜೀವವೇ ವರ್ಧಮಾನ ಮಹಾವೀರನಾಯಿತು.

ಲೋಕಕ್ಕೆಲ್ಲ ಉಣ್ಣುವುದನ್ನು ಕಲಿಸಿದವನು ಆಹಾರಕ್ಕಾಗಿ ಹೊರಟಾಗ ಅವನಿಗೆ ಉಣಬಡಿಸುವುದು ಹೇಗೆಂದು ಒಬ್ಬರಿಗೂ ತಿಳಿದಿರಲಿಲ್ಲ. ಆನೆ, ಕುದುರೆ, ರತ್ನಾಭರಣಗಳನ್ನು ತಂದು ಮುಂದಿಟ್ಟರು. ಕನ್ಯೆಯರನ್ನೂ ಅರ್ಪಿಸಲು ಬಂದರು. ತನಗೆ ಬೇಕಾದ ಪಾಠವೊಂದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಇದು ಮರೆವೆಂದು ನನಗೆ ತೋರದು. ಕೊಡು ಎಂದು ಹೇಳಿಕೊಟ್ಟು ಪಡೆದದ್ದು ದಾನವಾಗುವುದಾದರೂ ಹೇಗೆ? ಅವನು ಮಾತನಾಡದೆ ಮುಂದೆ ನಡೆದನು. ತಿಂಗಳುಗಳು ಉರುಳಿದವು.

ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮ ಶ್ರೇಯಾಂಸನು ಭಗವಂತನ ರೂಪವನ್ನು ಕಂಡೊಡನೆ ಅವನಿಗೆ ಪೂರ್ವಜನ್ಮದ ಸ್ಮರಣೆಯಾಯಿತು. ವಜ್ರಜಂಘ ಶ್ರೀಮತಿಯರಾಗಿದ್ದ ಭವದಲ್ಲಿ ತಾವಿಬ್ಬರೂ ಕೂಡಿ ಚಾರಣಮುನಿಗಳಿಗೆ ಆಹಾರವಿತ್ತದ್ದು ಕಣ್ಣಮುಂದೆ ಬಂದು ನಿಂತಿತು. ಪ್ರತಿಗ್ರಹಣ, ಪಾದಪ್ರಕ್ಷಾಲನ, ಪೂಜೆ, ಶುದ್ಧಿ ಎಲ್ಲವನ್ನೂ ತಪ್ಪದೆ ನೆರವೇರಿಸಿದನು. ಅಂದು ವೈಶಾಖ ಶುದ್ಧ ತದಿಗೆ. ಇಂದಿಗೂ ನಾವು ಅಕ್ಷಯ ತೃತೀಯವೆಂದು ಆಚರಿಸುವ ದಿನ. ಮನೆಯಲ್ಲಿ ಇದ್ದದ್ದು ಕಬ್ಬಿನ ರಸ. ಬೆಳಗಾವಿ ಜಿಲ್ಲೆಯ ಗಾಣಗಳಲ್ಲಿ ಇಂದೂ ಹರಿಯುವ ಆ ರಸವನ್ನೇ ಶ್ರೇಯಾಂಸನು ತನ್ನ ಅಣ್ಣ ಅತ್ತಿಗೆಯರೊಡನೆ ಭಗವಂತನ ಬೊಗಸೆಗೆ ಎರೆದನು.