ತನ್ನವರ ವಿರೋಧ ಕಟ್ಟಿಕೊಂಡು ನಾಡು ಕಟ್ಟಿದ ಕೆಂಗಲ್ ಹನುಮಂತಯ್ಯ

ನವೆಂಬರ್ ಒಂದು ಬಂತೆಂದರೆ ನಮ್ಮ ಶಾಲೆಗಳಲ್ಲಿ, ಚರ್ಚ್ ವಠಾರಗಳಲ್ಲಿ ಧ್ವಜವೇರಿಸಿ ಸಿಹಿ ಹಂಚುತ್ತೇವೆ. ಆದರೆ ಈ ರಾಜ್ಯ ಒಂದಾಗುವುದನ್ನು ಕನ್ನಡಿಗರಲ್ಲೇ ಹಲವರು ವಿರೋಧಿಸಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಆ ವಿರೋಧವನ್ನು ತನ್ನವರ ನಡುವೆಯೇ ನಿಂತು ಎದುರಿಸಿದ ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರನ್ನು ಇಲ್ಲಿ ಸ್ಮರಿಸುತ್ತೇವೆ.

1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಒಕ್ಕಲಿಗ ಕುಟುಂಬದಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಕಾನೂನು ಕಲಿತು ವಕೀಲರಾದರು. ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಹಲವು ಬಾರಿ ಸೆರೆಮನೆ ಕಂಡರು. ಮೈಸೂರು ಸೀಮೆಯಲ್ಲಿ ಆ ಚಳವಳಿಗೆ ದೊಡ್ಡ ತಿರುವು ಕೊಟ್ಟದ್ದು 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹ. ಅಲ್ಲಿ ಟಿ. ಸಿದ್ಧಲಿಂಗಯ್ಯನವರು ನಿಷೇಧ ಮುರಿದು ಧ್ವಜವೇರಿಸಿ ಬಂಧನಕ್ಕೊಳಗಾದರು. ಮುಂದೆ ಹನುಮಂತಯ್ಯನವರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿ, 1952ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು.

ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಬೊಂಬಾಯಿಗೆ. ಬೀದರ್, ಗುಲ್ಬರ್ಗ, ರಾಯಚೂರು ಹೈದರಾಬಾದಿಗೆ. ನಮ್ಮ ದಕ್ಷಿಣ ಕನ್ನಡ ಮದರಾಸಿಗೆ. ಕೊಡಗು ತನ್ನ ಪಾಡಿಗೆ. ಇವೆಲ್ಲ ಮೈಸೂರಿನೊಂದಿಗೆ ಕೂಡಬೇಕೆಂಬುದು ಬಹುಕಾಲದ ಬೇಡಿಕೆ. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು, ಹುಬ್ಬಳ್ಳಿಯಲ್ಲಿ ಗಲಭೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಳ್ಳಾರಿಯ ಏಳು ತಾಲೂಕುಗಳು ಮೈಸೂರಿಗೆ ಸೇರಿದವು.

ಮೈಸೂರಿನವರು ಹಿಂಜರಿದದ್ದೇಕೆ? ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು ಒಣಭೂಮಿ ಕಬ್ಬು, ಭತ್ತದ ಗದ್ದೆಯಾಗಿತ್ತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ಉತ್ಪಾದನೆಯಾಗುತ್ತಿತ್ತು. ತಮ್ಮ ತೆರಿಗೆಯಿಂದ ಬೆಳೆಸಿದ್ದನ್ನು ಹಿಂದುಳಿದ ಜಿಲ್ಲೆಗಳಿಗೆ ಹಂಚಬೇಕಾದೀತೆಂಬುದು ಒಂದು ಭಯ. ಲಿಂಗಾಯತರ ಸಂಖ್ಯೆ ಹೆಚ್ಚಿ ಒಕ್ಕಲಿಗರ ಕೈಯಿಂದ ಅಧಿಕಾರ ಜಾರೀತೆಂಬುದು ಇನ್ನೊಂದು; ಬಾಯಿಬಿಟ್ಟು ಹೇಳಲಿ ಬಿಡಲಿ, ಇದೇ ದೊಡ್ಡದಾಗಿತ್ತೆಂದು ನಮಗನಿಸುತ್ತದೆ. ಆದ್ದರಿಂದ ಎರಡು ಕನ್ನಡ ರಾಜ್ಯಗಳಿರಲಿ ಎಂಬ ವಾದ ಹುಟ್ಟಿತು.

ಹನುಮಂತಯ್ಯನವರೂ ಒಕ್ಕಲಿಗರೇ, ಅವರ ಬಲವಿದ್ದದ್ದೂ ಹಳೆ ಮೈಸೂರಿನಲ್ಲೇ. ಸುಮ್ಮನಿದ್ದಿದ್ದರೆ ಕುರ್ಚಿಗೆ ಕ್ಷೇಮವಿತ್ತು. ಮೊದಲು ಉತ್ತರದ ನಾಯಕರಿಗೆ ಅವರ ಮೇಲೆ ಪೂರ್ಣ ವಿಶ್ವಾಸವಿರಲಿಲ್ಲ. ಆದರೆ 1955ರ ಸೆಪ್ಟೆಂಬರ್‌ನಲ್ಲಿ ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ ಒಂದೇ ರಾಜ್ಯವನ್ನು ಶಿಫಾರಸು ಮಾಡಿದಾಗ, ಮೈಸೂರು ವಿಧಾನಸಭೆಯ ಬಿಸಿ ಚರ್ಚೆಯಲ್ಲಿ ಅವರು ಏಕೀಕರಣದ ಪರವಾಗಿ ಗಟ್ಟಿಯಾಗಿ ನಿಂತರು. ಬಳ್ಳಾರಿಯನ್ನು ಆಂಧ್ರಕ್ಕೆ ಕೊಡಬೇಕೆಂಬ ಆಯೋಗದ ಮಾತನ್ನು ಕೇಂದ್ರ ಸರಕಾರ ಒಪ್ಪಲಿಲ್ಲ. ಮೈಸೂರಿನವರ ಮನಸ್ಸಿಗೂ ಒಂದಿಷ್ಟು ಸಮಾಧಾನವಾಯಿತು: ಮೈಸೂರು ಎಂಬ ಹೆಸರು ಉಳಿಯಿತು, ರಾಜಧಾನಿ ಬೆಂಗಳೂರೇ ಆಯಿತು, ಜಯಚಾಮರಾಜ ಒಡೆಯರ್ ಹೊಸ ರಾಜ್ಯದ ರಾಜ್ಯಪಾಲರಾದರು. ಹೆಸರು ಕರ್ನಾಟಕವಾಗಲು 1973ರವರೆಗೆ ಕಾಯಬೇಕಾಯಿತು.

ಆದರೆ 1956ರ ನವೆಂಬರ್ 1ರಂದು ಹನುಮಂತಯ್ಯ ಅಧಿಕಾರದಲ್ಲಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ಸ್ವಪಕ್ಷದ ಶಾಸಕರೇ ಅವಿಶ್ವಾಸ ತೋರಿದ್ದರಿಂದ ರಾಜೀನಾಮೆ ಕೊಟ್ಟರು. ಕೆಲವು ತಿಂಗಳು ಕಡಿದಾಳ್ ಮಂಜಪ್ಪ ಆಡಳಿತ ನಡೆಸಿದರು. ಹತ್ತೊಂಬತ್ತು ಜಿಲ್ಲೆಗಳ ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ ವಿಧಾನಸೌಧದ ಖರ್ಚಿನ ಬಗ್ಗೆ ತನಿಖೆಯೂ ನಡೆಯಿತು. ಅವರು ಸಿಟ್ಟಿನ ಮನುಷ್ಯ, ಯಾರನ್ನೂ ಓಲೈಸುವವರಲ್ಲ. ಪತನಕ್ಕೆ ಅದೂ ಕಾರಣವಿರಬಹುದು. ಮುಂದೆ ಲೋಕಸಭೆಗೆ ಆಯ್ಕೆಯಾಗಿ, ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, ರೈಲ್ವೆ ಸಚಿವರಾಗಿ ದುಡಿದು 1980ರ ಡಿಸೆಂಬರ್ 1ರಂದು ತೀರಿಕೊಂಡರು.

ಮಳವಳ್ಳಿಯಿಂದ ಕಾವೇರಿ ದಾಟಿದರೆ ಸಿಗುವ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು; ಅಂದಿನಿಂದ ಅದು ನಮ್ಮದಾಯಿತು. ಅದೇ ದಿನ ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿನ ಹಲವು ಚರ್ಚುಗಳು ಮಾತ್ರ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇವೆ.