ಕಾಗವಾಡ ದಾಟಿದ್ರೆ ಖಾನಸಾಹೇಬರ ಊರು

ಅಥಣಿ, ಕಾಗವಾಡ, ರಾಯಬಾಗ ಕಡೆಯ ನಮಗೆ ಮಿರಜ್ ಅಂದ್ರೆ ನೆನಪಾಗೋದು ದೊಡ್ಡ ದವಾಖಾನೆ ಮತ್ತು ರೈಲ್ವೆ ಜಂಕ್ಷನ್. ಕಾಗವಾಡ ದಾಟಿದ್ರೆ ಬಂದೇಬಿಡ್ತು. ಅಲ್ಲಿನ ಮೀರಾಸಾಹೇಬ ದರ್ಗಾದಲ್ಲಿ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಸಮಾಧಿ ಐತಿ ಅಂತ ಗೊತ್ತಾಗಿದ್ದು ನಾವು ಕಾಲೇಜಿಗೆ ಬಂದ ಮೇಲೆ. ಸ್ವಲ್ಪ ನಾಚಿಕೆನೇ ಆಯ್ತು.

ಖಾನಸಾಹೇಬರು ಹುಟ್ಟಿದ್ದು 1872ರಲ್ಲಿ, ಉತ್ತರಪ್ರದೇಶದ ಕೈರಾನಾದಲ್ಲಿ. ಕಿರಾನಾ ಘರಾಣೆ ಅನ್ನೋ ಹೆಸರು ಬಂದಿದ್ದು ಆ ಊರಿನಿಂದಲೇ. ಬರೋಡಾ ದರ್ಬಾರಿನಲ್ಲಿ ಹಾಡುವಾಗ ಸರದಾರ ಮನೆತನದ ತಾರಾಬಾಯಿ ಮಾನೆಯವರನ್ನು ಮೆಚ್ಚಿದರು. ಇಬ್ಬರೂ ಊರು ಬಿಟ್ಟು ಮದುವೆಯಾದರು. 1905ರಲ್ಲಿ ಮಗಳು ಹೀರಾಬಾಯಿ ಹುಟ್ಟಿದ್ದು ಮಿರಜಿನಲ್ಲೇ. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆಗೆದರು.

ಖಯಾಲ್, ಠುಮ್ರಿ, ನಾಟ್ಯಸಂಗೀತ, ಭಜನೆ ಎಲ್ಲವನ್ನೂ ಹಾಡಿದರು. ಮೈಸೂರು ಅರಮನೆಗೆ ಹೋಗಿ ಬಂದವರಿಗೆ ಕರ್ನಾಟಕ ಸಂಗೀತದ ಹುಚ್ಚೂ ಹಿಡೀತು. ಅಲ್ಲಿನ ಸ್ವರ ಹಾಕೋ ರೀತಿಯನ್ನು ತಮ್ಮ ಖಯಾಲಿಗೆ ತಂದರು, ತ್ಯಾಗರಾಜರ ಕೃತಿಯನ್ನೂ ರೆಕಾರ್ಡ್ ಮಾಡಿದರು. ಇನ್ನೊಂದು, ನಮ್ಮಂಥ ಎಂಜಿನಿಯರಿಂಗ್‌ನೋರಿಗೆ ಮಜಾ ಅನ್ನಿಸೋದು: ದೇವಲ್ ಮತ್ತು ಕ್ಲೆಮೆಂಟ್ಸ್ ಅನ್ನೋರು ಒಂದು ಸಪ್ತಕದ 22 ಶ್ರುತಿಗಳ ಅಳತೆ ಹುಡುಕ್ತಿದ್ದಾಗ, ಅವನ್ನು ಕಂಠದಿಂದ ಹಾಡಿ ತೋರಿಸಿದ್ದು ಇವರೇ. ನಮ್ಮ ಕೀಬೋರ್ಡಿನಲ್ಲಿರೋದು ಬರೀ 12.

1922ರ ಹೊತ್ತಿಗೆ ತಾರಾಬಾಯಿ ಐದೂ ಮಕ್ಕಳನ್ನು ಕರ್ಕೊಂಡು ಮನೆ ಬಿಟ್ಟರು. ಮಕ್ಕಳು ಅಪ್ಪನ ಹೆಸರು ಇಟ್ಕೊಳ್ಳಲಿಲ್ಲ. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್ ಅಂತಲೇ ದೊಡ್ಡ ಗಾಯಕರಾದರು. ಹೀರಾಬಾಯಿಗೆ ಕಿರಾನಾ ಗಾಯಕಿ ಕಲಿಸಿದ್ದು ಅಬ್ದುಲ್ ವಹೀದ್ ಖಾನರು, ಅಪ್ಪ ಅಲ್ಲ. ಯಾರ ತಪ್ಪು ಅಂತ ನಾವು ಹೇಳೋಕಾಗಲ್ಲ, ಆದ್ರೆ ಓದಿ ಬೇಜಾರಾಯ್ತು.

ಇವರ ಗಾಯಕಿ ಕನ್ನಡ ನಾಡಿಗೆ ಬಂದಿದ್ದು ಮುಖ್ಯವಾಗಿ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಹತ್ರನೇ ಕಲಿತವರು. ಭೀಮಸೇನರಂತೂ ಹುಡುಗರಿದ್ದಾಗ ಖಾನಸಾಹೇಬರ ಝಿಂಝೋಟಿ ಠುಮ್ರಿಯ ರೆಕಾರ್ಡ್ ಕೇಳಿ, ಗುರುವನ್ನು ಹುಡುಕ್ಕೊಂಡು ಗದಗದ ಮನೆ ಬಿಟ್ಟು ಓಡಿದ್ದರು.

1937ರ ಅಕ್ಟೋಬರ್‌ನಲ್ಲಿ ಖಾನಸಾಹೇಬರು ಮದ್ರಾಸ್ ಕಡೆಯಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಅನ್ನೋ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮ್ ಮೇಲೆ ಹಾಸಿಗೆ ಹಾಸಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಮಾಡ್ತಾ ಪ್ರಾಣ ಬಿಟ್ಟರು ಅಂತಾರೆ. ದೇಹವನ್ನು ಮಿರಜಿಗೆ ತಂದರು. ಈಗಲೂ ಉರುಸಿನಲ್ಲಿ ಅವರ ನೆನಪಿಗಾಗಿ ಗಾಯಕರು ದರ್ಗಾದಲ್ಲಿ ಹಾಡ್ತಾರೆ. ಈ ಸಲ ನಾವೂ ಹೋಗೋರಿದ್ದೀವಿ, ಬರೋರು ಹೇಳ್ರಿ.